ವಿಯೆಟ್ನಾಮಿನ ಕೆಂಪು ಚಪ್ಪಲಿ

ಹಾನಗಲ್ಲಿನ ಹೈಸ್ಕೂಲಿನಲ್ಲಿ ಮಕ್ಕಳಿಗೆ ಭೂಪಟ ಬಿಡಿಸುವುದನ್ನು ಕಲಿಸುತ್ತಲೇ ನನ್ನ ತಲೆ ಅರ್ಧ ಬೆಳ್ಳಗಾಗಿದೆ. ಕಣ್ಣು ಮುಚ್ಚಿಕೊಂಡು ಬೋರ್ಡಿನ ಮೇಲೆ ಏಷ್ಯಾ ಖಂಡ ಬರೆಯಬಲ್ಲೆ. ಅಂಥವನಿಗೆ ವಿಯೆಟ್ನಾಮ್ ನೋಡಲು ಪ್ಯಾಕೇಜ್ ಟೂರು ಯಾಕೆ? ಬೆನ್ನಿಗೊಂದು ಚೀಲ, ಕಾಲಿಗೊಂದು ಬೂಟು ಸಾಕು ಎಂದು ಬೇಸಿಗೆ ರಜೆಗೆ ಮುಂಚೆಯೇ ಮನೆಯಲ್ಲಿ ಘೋಷಿಸಿದೆ.

ಹೆಂಡತಿ ಸುಜಾತಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಶಿಗ್ಗಾಂವಿಗೆ ಹೋಗಿ ಬ್ಯಾರೆಯವ್ರ ಮದುವ್ಯಾಗ ಉಂಡು, ಆಹೇರಿ ಕೊಟ್ಟು ಬಂದವ್ರು ನೀವು. ನಾ ಅಂತೂ ನಿಮ್ಮ ಹಿಂದ ಬರೂದಿಲ್ರಿ" ಎಂದಳು.

ಬರಲು ಒಪ್ಪಿದವನು ಮೌಲಾಸಾಬ ಒಬ್ಬನೇ. ಸವಣೂರಿನಲ್ಲಿ ವೀಳ್ಯದೆಲೆ ವ್ಯಾಪಾರ ಮಾಡುತ್ತಾನೆ, ಕಾಲೇಜಿನಿಂದ ನನ್ನ ಗೆಳೆಯ. ಎಲೆ ಇಲ್ಲದೆ ಅರ್ಧ ದಿನವೂ ಇರಲಾರ. ಸವಣೂರಿನ ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಅಡಿಕೆ ಸುಣ್ಣದ ಡಬ್ಬಿಯ ಜೊತೆ ಸೊಂಟದ ಚೀಲದಲ್ಲಿಟ್ಟುಕೊಂಡು ವಿಮಾನ ಹತ್ತಿದ. ನಾನು ಮಾತ್ರ ಸೊಂಟದ ಚೀಲ ಹಳ್ಳಿಯವರ ಲಕ್ಷಣ ಎಂದು ಹೇಳಿ, ಇಬ್ಬರ ಪಾಸ್‌ಪೋರ್ಟನ್ನೂ ನನ್ನ ಹೊಸ ಬೆನ್ನುಚೀಲದ ತಳದಲ್ಲಿ ಭದ್ರವಾಗಿಟ್ಟೆ.

ಹನೋಯಿಯಲ್ಲಿ ಮೊದಲ ದಿನವೇ ರಸ್ತೆ ದಾಟುವ ಪ್ರಸಂಗ ಬಂತು. ಅಲ್ಲಿ ಸ್ಕೂಟರುಗಳು ಹೊಳೆಯಂತೆ ಹರಿಯುತ್ತವೆ, ನಿಲ್ಲುವುದೇ ಇಲ್ಲ. ನಾವು ಒಂದು ಕಾಲು ಮುಂದಿಟ್ಟು, ಹಿಂದೆಗೆದು, ಮತ್ತೆ ಮುಂದಿಟ್ಟು ಒದ್ದಾಡುತ್ತಿದ್ದೆವು. ತರಕಾರಿ ಬುಟ್ಟಿ ಹೊತ್ತ ಅಜ್ಜಿಯೊಬ್ಬಳು ನೋಡಿ ಮರುಗಿ, ತನ್ನ ಹಿಂದೆ ಬನ್ನಿ ಎಂದು ಸನ್ನೆ ಮಾಡಿದಳು. ಅವಳ ನೆರಳು ಬಿಡದೆ ದಾಟಿದೆವು. ಕೈಮುಗಿದೆವು. ಅವಳು ಹೋದ ಮೇಲೆ ಗೊತ್ತಾಯಿತು, ನಮ್ಮ ಹೋಟೆಲು ಮೊದಲು ನಿಂತಿದ್ದ ಕಡೆಯೇ ಇತ್ತು.

ಊಟದ ಸಂಕಟ ಬೇರೆ. ನಾನು ಮಾಂಸ ಮುಟ್ಟುವವನಲ್ಲ. ಮೌಲಾ ಮುಟ್ಟುತ್ತಾನೆ, ಆದರೆ ಹಲಾಲ್ ಆಗಿರಬೇಕು. ಸುಜಾತಾ ಕಟ್ಟಿಕೊಟ್ಟ ಕಟಕರೊಟ್ಟಿ, ಶೇಂಗಾ ಚಟ್ನಿ ಮುಗಿದ ದಿನ, ಊಟ ಇಲ್ಲದಿದ್ದರೆ ಹೋಗಲಿ, ಚಹಾ ಆದರೂ ಕುಡಿಯೋಣ ಎಂದು ಅವನು ಒಂದು ಅಂಗಡಿಯಲ್ಲಿ ಕುಳಿತ. ಉರ್ದುವಿನಲ್ಲಿ ಕೇಳಿದರೆ ತಿಳಿದೀತೆಂದು ಎರಡು ಬೆರಳೆತ್ತಿ "ಚಾಯ್" ಎಂದ. ಬಂದದ್ದು ಎರಡು ತಟ್ಟೆ ಅನ್ನ, ಸೊಪ್ಪಿನ ಪಲ್ಯ, ಪನೀರಿನಂಥದ್ದೇನೋ. ಹಸಿದಿದ್ದೆವು, ಉಂಡೆವು. ಮರುದಿನ ಬೇರೆ ಅಂಗಡಿಯಲ್ಲಿ ಇನ್ನೂ ಸ್ಪಷ್ಟವಾಗಿ "ಚಾಯ್" ಎಂದೆವು. ಮತ್ತೆ ಅನ್ನ, ಸೊಪ್ಪು. ಜೊತೆಗೆ ಅಂಗಡಿಯಾಕೆ ತಲೆಬಾಗಿ ವಂದಿಸಿದಳು. ಈ ದೇಶದಲ್ಲಿ ಚಹಾ ಕೇಳಿದವರಿಗೆ ಮೊದಲು ಊಟ ಹಾಕುವ ಪದ್ಧತಿ ಇದೆ ಎಂದು ನಾನು ಮೌಲಾನಿಗೆ ವಿವರಿಸಿದೆ. ಮಾಸ್ತರನ ಮಾತು. ಅವನು ನಂಬಿದ.

ಇಷ್ಟು ಪಾಂಡಿತ್ಯ ಗಳಿಸಿಕೊಂಡು ನಾವು ಗುಡ್ಡಗಾಡಿನ ಕಡೆ ಹೊರಟೆವು. ಅಲ್ಲಿ ಹಗಲಿನಲ್ಲೂ ಸ್ಲೀಪರ್ ಬಸ್ಸುಗಳು ಓಡುತ್ತವೆ. ಹತ್ತುವಾಗ ಬೂಟು ಬಿಚ್ಚಿ ಕಂಡಕ್ಟರನ ಕೈಗೆ ಕೊಡಬೇಕು, ಬರಿಗಾಲಲ್ಲಿ ಹೋಗಿ ಮಲಗಬೇಕು. ನಡುದಾರಿಯಲ್ಲಿ ಊಟಕ್ಕೆ ನಿಲ್ಲಿಸಿದಾಗ ಹಾಕಿಕೊಂಡು ಇಳಿಯಲು ಬಸ್ಸಿನವರೇ ಬಾಗಿಲ ಬಳಿ ಒಂದು ಬುಟ್ಟಿ ಪ್ಲಾಸ್ಟಿಕ್ ಚಪ್ಪಲಿ ಇಟ್ಟಿರುತ್ತಾರೆ. ನಮ್ಮ ಬಸ್ಸಿನ ಚಪ್ಪಲಿ ಕೆಂಪು.

ಊಟಕ್ಕೆ ನಿಂತ ಕಡೆ ನಾವು ಕೆಂಪು ಚಪ್ಪಲಿ ಮೆಟ್ಟಿ ಇಳಿದೆವು. ಬೆನ್ನುಚೀಲಗಳು, ಚಾರ್ಜಿಗೆ ಹಾಕಿದ್ದ ಫೋನುಗಳು ಬಸ್ಸಿನಲ್ಲೇ ಇದ್ದವು. "ಚಾಯ್" ಎಂದು ಕೇಳಿ, ಉಂಡು, ಹೊರಗೆ ಬಂದು, ಬಸ್ಸು ಹತ್ತಿ, ಚಪ್ಪಲಿ ಬಿಚ್ಚಲೂ ಮರೆತು, ಖಾಲಿ ಕಂಡ ಜಾಗದಲ್ಲಿ ಪರದೆ ಎಳೆದುಕೊಂಡು ಮಲಗಿಬಿಟ್ಟೆವು. ಹೊಟ್ಟೆ ತುಂಬಿತ್ತು, ಎ.ಸಿ. ಹಿತವಾಗಿತ್ತು. ಹೊರಗೆ ಯಾವುದೋ ಬಸ್ಸು ಬಹಳ ಹೊತ್ತು ಹಾರ್ನ್ ಹಾಕುತ್ತಿತ್ತು, ಯಾರೋ ಕೂಗುತ್ತಿದ್ದರು. ಯಾರು ಪಾಪ ತಪ್ಪಿಸಿಕೊಂಡರೋ ಎಂದುಕೊಂಡೇ ನಿದ್ದೆ ಹೋದೆ.

ಎಚ್ಚರವಾದಾಗ ಬಸ್ಸು ಖಾಲಿಯಾಗಿತ್ತು. ಹೊರಗೆ ಸುತ್ತಲೂ ಗುಡ್ಡ, ಗುಡ್ಡದ ತುಂಬ ಹಿರೇಕೆರೂರಿನ ದಾರಿಯಲ್ಲಿ ಕಾಣುವಂಥ ಗೋವಿನಜೋಳ. ತಲೆಯ ಬಳಿ ಕೈಯಾಡಿಸಿದೆ. ಚೀಲವಿಲ್ಲ. ಫೋನಿಲ್ಲ. ಬಾಗಿಲ ಬಳಿ ನಿಂತಿದ್ದ ಸಣಕಲು ಕಂಡಕ್ಟರನ ಮೇಲೆ ಏರಿಹೋದೆ. ಕಳ್ಳತನ, ಪೊಲೀಸು, ಭಾರತದ ರಾಯಭಾರ ಕಚೇರಿ ಎಂದು ಇಂಗ್ಲಿಷಿನಲ್ಲಿ ಶುರುಮಾಡಿ, ಆ ಭಾಷೆ ಸಾಲದೆ ಹಾನಗಲ್ಲಿನ ಕನ್ನಡಕ್ಕೆ ಇಳಿದೆ. ಅವನು ನನ್ನ ಕಾಲು ತೋರಿಸಿದ. ಆಮೇಲೆ ಬಾಗಿಲ ಬಳಿಯ ಬುಟ್ಟಿ ತೋರಿಸಿದ.

ಬುಟ್ಟಿಯಲ್ಲಿದ್ದ ಚಪ್ಪಲಿಗಳೆಲ್ಲ ನೀಲಿ.

ಮೌಲಾ ಬಹಳ ಮೆಲ್ಲಗೆ ಹೇಳಿದ: "ಲೇ ಮಾಸ್ತರ, ಕಾಲ ನೋಡ್ಕೊ. ಈ ಬಸ್ಸ ನಮ್ದಲ್ಲ."

ಪಾಸ್‌ಪೋರ್ಟು ಬೇರೆ ಯಾವುದೋ ಊರಿಗೆ ಒಂಟಿಯಾಗಿ ಪ್ರಯಾಣ ಮಾಡುತ್ತಿತ್ತು. ನಾವು ಯಾವ ಊರಿನಲ್ಲಿದ್ದೇವೆಂದೂ ತಿಳಿಯದು. ಏಷ್ಯಾ ಖಂಡ ಕಣ್ಣು ಮುಚ್ಚಿ ಬರೆಯಬಲ್ಲವನಿಗೆ ಆಗ ಕಣ್ಣು ತೆರೆದರೂ ದಿಕ್ಕು ತಿಳಿಯಲಿಲ್ಲ. ಬಸ್ಸಿನ ಮೆಟ್ಟಿಲ ಮೇಲೇ ಕುಳಿತೆ. ಕಳ್ಳನೆಂದು ನಾನು ಬೈದ ಆ ಕಂಡಕ್ಟರನೇ ನನ್ನನ್ನು ಎಬ್ಬಿಸಿ, ನಿಲ್ದಾಣದ ಎದುರಿಗಿದ್ದ ಒಂದು ಮನೆಗೆ ಕರೆದುಕೊಂಡು ಹೋದ.

ಆ ಮನೆಯ ಮುಂಭಾಗ ಚಿಕ್ಕ ಖಾನಾವಳಿ. ನಡೆಸುವವಳು ಸೊಸೆ. ಅತ್ತೆ, ಎಂಬತ್ತರ ಆಸುಪಾಸಿನ ಮುದುಕಿ, ಗೋಡೆಗೊರಗಿ ಕುಳಿತಿದ್ದಳು. ಕಂಡಕ್ಟರ್ ನಮ್ಮ ಕಥೆ ಹೇಳುತ್ತಿದ್ದ. ಕೆಂಪು ಚಪ್ಪಲಿಯ ಹತ್ತಿರ ಬಂದಾಗ ಇಡೀ ಖಾನಾವಳಿ ನಕ್ಕಿತು. ಮುದುಕಿಯೂ ನಕ್ಕಳು. ಅವಳ ತುಟಿ, ಹಲ್ಲು ನೋಡಿದ್ದೇ ಮೌಲಾ ನೆಟ್ಟಗಾದ. ಎಲೆ ಹಾಕುವವರನ್ನು ಅವನು ಎಲ್ಲಿದ್ದರೂ ಗುರುತಿಸುತ್ತಾನೆ. ಸೊಂಟದ ಚೀಲ ಬಿಚ್ಚಿ, ಇದ್ದುದರಲ್ಲಿ ಒಳ್ಳೆಯ ಎಲೆ ಆರಿಸಿ, ತೊಡೆಗೆ ಒರೆಸಿ, ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಚಿ, ಎರಡೂ ಕೈಯಿಂದ ಕೊಟ್ಟ.

"ತಗೋ ಅವ್ವಾ. ಸವಣೂರ ಎಲಿ" ಎಂದ.

ಮುದುಕಿ ಮೂಸಿದಳು. ಬಾಯಿಗಿಟ್ಟು ಅಗಿದಳು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿದಳು. ಆಮೇಲೆ ಮೌಲಾನ ಕೆನ್ನೆ ತಟ್ಟಿ ಪಕ್ಕದಲ್ಲಿ ಕೂರಿಸಿಕೊಂಡಳು. ಅಲ್ಲಿಂದ ಮುಂದೆ ಅವನು ಆ ಮನೆಯ ಮಗ, ನಾನು ಮಗನ ಜೊತೆ ಬಂದ ಯಾರೋ ಒಬ್ಬ.

ಸೊಸೆ ಫೋನು ಹಿಡಿದು ಕುಳಿತಳು. ನಾವು ಊಟಕ್ಕೆ ನಿಂತಿದ್ದ ಹೋಟೆಲಿಗೆ, ಅಲ್ಲಿಂದ ನಂಬರು ತೆಗೆದುಕೊಂಡು ಕೆಂಪು ಚಪ್ಪಲಿಯ ಬಸ್ಸಿನವರಿಗೆ ಮಾತಾಡಿದಳು. ಅವರು ನಮಗಾಗಿ ಹಾರ್ನ್ ಹಾಕಿ, ಕೂಗಿ, ಶೌಚಾಲಯದಲ್ಲೆಲ್ಲ ಹುಡುಕಿದ್ದರಂತೆ. ನಾನು ಮರುಗಿದ್ದು ನಮಗಾಗಿಯೇ! ಚೀಲ ಭದ್ರವಾಗಿದೆ, ನಾಳೆ ಬರುತ್ತದೆ ಎಂದು ಸನ್ನೆಯಲ್ಲಿ ತಿಳಿಸಿದಳು. ಊಟಕ್ಕೇನು ಎಂದು ಕೇಳಿದಾಗ ನಾವು ಎಂದಿನಂತೆ "ಚಾಯ್" ಎಂದೆವು. ಅವಳ ಮುಖ ಗಂಭೀರವಾಯಿತು. ಫೋನಿಗೆ ಏನೋ ಹೇಳಿ ನಮ್ಮ ಮುಂದೆ ಹಿಡಿದಳು. ಫೋನು ಅಚ್ಚ ಗ್ರಂಥದ ಕನ್ನಡದಲ್ಲಿ ಕೇಳಿತು: "ತಾವಿಬ್ಬರೂ ಪೂಜ್ಯ ಸನ್ಯಾಸಿಗಳೇ?"

ವಿಚಾರಿಸಿದ ಮೇಲೆ ತಿಳಿಯಿತು. ಅವರ ಭಾಷೆಯಲ್ಲಿ "ಚಾಯ್" ಎಂದರೆ ಚಹಾ ಅಲ್ಲ, ಮಾಂಸ ಬಿಟ್ಟು ಮಾಡುವ ವ್ರತದ ಊಟ. ನಾವು ಹೋದಹೋದಲ್ಲಿ ವ್ರತ ಆಚರಿಸುತ್ತಿದ್ದೆವು. ಆ ಅಂಗಡಿಯಾಕೆ ತಲೆಬಾಗಿ ವಂದಿಸಿದ್ದು ಅದಕ್ಕೇ.

"ನಾ ನಾಕ ಮಕ್ಕಳ ಸನ್ಯಾಸಿ ಅಂತ ಹೇಳಲೇ ಮಾಸ್ತರ, ಇಲ್ಲಾಂದ್ರ ಪಾಪ ಹತ್ತತೈತಿ" ಎಂದು ಮೌಲಾ ಅವಸರಪಡಿಸಿದ. ಹೇಳಿದೆವು. ಆದರೂ ಊಟ ಹಾಗೇ ಬಂತು: ಬೇಯಿಸಿದ ಗೋವಿನಜೋಳ, ಸೊಪ್ಪು, ಅನ್ನ. ಜೊತೆಗೆ, ಕೊನೆಗೂ, ಚಹಾ. ಹಾಲಿಲ್ಲ, ಸಕ್ಕರೆಯಿಲ್ಲ. ಅಷ್ಟು ರುಚಿಯಾದ ಚಹಾ ನಾನು ಕುಡಿದಿಲ್ಲ.

ಅಂದು ರಾತ್ರಿ ಅವರು ತಮ್ಮ ಹಾಸಿಗೆಯನ್ನೇ ನಮಗೆ ಬಿಟ್ಟುಕೊಟ್ಟರು. ಹೆಸರು ಕೇಳಿ, ಉಚ್ಚರಿಸಲಾಗದೆ ಬಿಟ್ಟುಬಿಟ್ಟರು. ಊರು, ಜಾತಿ, ಧರ್ಮ ಕೇಳಲೇ ಇಲ್ಲ. ಬೆಳಿಗ್ಗೆ ಮೌಲಾ ಒಂದು ಮೂಲೆಯಲ್ಲಿ ನಮಾಜಿಗೆ ನಿಂತಾಗ ಮುದುಕಿ ಟಿವಿಯ ಸದ್ದು ತಗ್ಗಿಸಿದಳು.

ಅದೇ ದಿನ ಮಧ್ಯಾಹ್ನ ನೀಲಿ ಚಪ್ಪಲಿಯ ಬಸ್ಸು ಬಂತು. ಕೆಂಪು ಚಪ್ಪಲಿಯ ಬಸ್ಸಿನವರಿಂದ ಪಡೆದ ನಮ್ಮ ಎರಡು ಚೀಲವನ್ನೂ ಹೆಗಲಿಗೆ ಹಾಕಿಕೊಂಡು ಇಳಿದವನು ಅದೇ ಸಣಕಲು ಕಂಡಕ್ಟರ್. ಎಲ್ಲ ಸರಿಯಾಗಿದೆಯೇ ನೋಡಿಕೊಳ್ಳಿ ಎಂದು ಎದುರೇ ಚೀಲ ಬಿಚ್ಚಿಸಿದ. ಪಾಸ್‌ಪೋರ್ಟು, ಫೋನು, ಬೂಟು, ತಳದಲ್ಲಿ ಉಳಿದಿದ್ದ ರೊಟ್ಟಿಯ ಚೂರು ಕೂಡ ಇತ್ತು. ನಿನ್ನೆಯ ಬೈಗುಳಕ್ಕೆ ಕ್ಷಮೆ ಕೇಳುತ್ತ ಅವನ ಎರಡೂ ಕೈ ಹಿಡಿದುಕೊಂಡೆ. ಅವನು ಮೆಲ್ಲಗೆ ಕೈ ಬಿಡಿಸಿಕೊಂಡು ನನ್ನ ಕಾಲು ತೋರಿಸಿದ. ಕೆಂಪು ಚಪ್ಪಲಿ ಬಿಚ್ಚಬೇಕಂತೆ. ಆ ಬಸ್ಸಿನವರು ಚಪ್ಪಲಿ ವಾಪಸು ಕೇಳಿದ್ದರಂತೆ.

ಫೋನು ಬಂದ ಮೇಲೆ ಸುಜಾತಾಳಿಗೆ ವಿಡಿಯೊ ಕರೆ ಮಾಡಿದೆ. ಕಥೆಯನ್ನು ನನಗೆ ಅನುಕೂಲವಾಗುವಂತೆ ಸ್ವಲ್ಪ ತಿದ್ದಿ ಹೇಳುತ್ತಿದ್ದೆ. ಮೌಲಾ ಹಿಂದಿನಿಂದ ಸರಿಪಡಿಸಿದ. ಅವಳು ಕಣ್ಣು ಒರೆಸಿಕೊಂಡದ್ದು ಕಂಡಿತು. "ಫೋನು ಆ ಆಯಿ ಕೈಯಾಗ ಕೊಡ್ರಿ" ಎಂದಳು.

ಕೊಟ್ಟೆ. ಇವಳು ಹಾನಗಲ್ಲಿನ ಅಡುಗೆಮನೆಯಿಂದ ಕನ್ನಡದಲ್ಲಿ ಹೇಳಿದಳು, ಆಕೆ ಎಲೆ ಅಗಿಯುತ್ತ ತನ್ನ ಭಾಷೆಯಲ್ಲಿ ಉತ್ತರಿಸಿದಳು. ಒಬ್ಬರದ್ದು ಒಬ್ಬರಿಗೆ ಒಂದಕ್ಷರ ತಿಳಿಯದು. ಆದರೂ ಮಾತು ಮುಗಿಯಲೇ ಇಲ್ಲ. ನಡುನಡುವೆ ಇಬ್ಬರೂ ನನ್ನ ಕಡೆ ನೋಡಿ ತಲೆಯಾಡಿಸುತ್ತಿದ್ದರು. ಯಾವ ವಿಷಯದಲ್ಲಿ ಒಮ್ಮತಕ್ಕೆ ಬಂದಿದ್ದರೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹೊರಡುವಾಗ ಮೌಲಾ ಉಳಿದ ಎಲೆಯನ್ನೆಲ್ಲ ಮುದುಕಿಯ ಮಡಿಲಿಗೆ ಹಾಕಿದ. ಅವನು ಯಾರಿಗಾದರೂ ಕೊನೆಯ ಎಲೆ ಕೊಟ್ಟಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಸೊಸೆ ನಮ್ಮನ್ನು ತಾನೇ ಬಸ್ಸು ಹತ್ತಿಸಿ, ಮಲಗುವ ಜಾಗ ತೋರಿಸಿ, ಕಂಡಕ್ಟರನಿಗೆ ಬಹಳ ಹೊತ್ತು ಏನೋ ಒಪ್ಪಿಸಿ ಹೇಳಿದಳು.

ಏನು ಹೇಳಿದಳೆಂಬುದು ಊಟಕ್ಕೆ ನಿಂತಾಗ ತಿಳಿಯಿತು. ಅಂಗಳದ ತುಂಬ ಒಂದೇ ತರಹದ ಬಸ್ಸುಗಳು. ಕಂಡಕ್ಟರ್ ನಮ್ಮ ಬಳಿ ಬಂದ, ನೀಲಿ ಚಪ್ಪಲಿ ಕೊಟ್ಟ, ಒಂದು ಕೈಯಲ್ಲಿ ನನ್ನನ್ನು, ಇನ್ನೊಂದರಲ್ಲಿ ಮೌಲಾನನ್ನು ಹಿಡಿದುಕೊಂಡು ಇಳಿಸಿದ. ಶೌಚಾಲಯದ ಹೊರಗೆ ಕಾದ. ನಾವು ಉಣ್ಣುವಾಗ ಎದುರೇ ಕುಳಿತ. ಮುಗಿದ ಮೇಲೆ ಮತ್ತೆ ಕೈ ಹಿಡಿದು ಬಸ್ಸುಗಳ ನಡುವೆ ನಡೆಸಿಕೊಂಡು ಹೊರಟ. ವಿದೇಶಿ ಪ್ರವಾಸಿಗರು ನಮ್ಮ ಮೆರವಣಿಗೆ ನೋಡುತ್ತಿದ್ದರು, ಒಬ್ಬಾಕೆ ಫೋಟೊ ಕೂಡ ತೆಗೆದಳು.

ಈ ವಯಸ್ಸಿನಲ್ಲಿ, ಇಷ್ಟು ಜನರ ಎದುರು, ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಅವನು ಎಲ್ಲಿ ಬಿಟ್ಟುಬಿಡುತ್ತಾನೋ ಎಂದು ನಾನೇ ಅವನ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡೆ.