ಡೈರಿ ಲ್ಯಾಪ್‌ಟಾಪು ಚುರುಕಾದ ಮೇಲೆ

ಕೆ.ಆರ್. ಪೇಟೆಯಲ್ಲಿ ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇಟ್ಟವನಿಗೆ ರಿಪೇರಿ ಕಷ್ಟವಲ್ಲ, ರಿಪೇರಿಯಾದ ಮೇಲಿನದು ಕಷ್ಟ. ಇಂಥದ್ದು ಆಗಾಗ ನನ್ನನ್ನು ಹುಡುಕಿಕೊಂಡು ಬರುತ್ತದೆ. ಈ ಸಲ ಬಂದದ್ದು ಅಕ್ಕಿಹೆಬ್ಬಾಳು ಕಡೆಯ ಒಂದು ಹಳ್ಳಿಯ ಹಾಲಿನ ಡೈರಿಯಿಂದ.

೧. ಕುಂಕುಮ

ತಂದವರು ಡೈರಿಯ ಸೆಕ್ರೆಟರಿ. ಹಾಲಿನ ಲೆಕ್ಕ ಬರೆದು ಚೀಟಿ ಕೊಡುವ ಲ್ಯಾಪ್‌ಟಾಪಿಗೆ ವಯಸ್ಸಾಗಿತ್ತು. ಸಂಜೆ ಗುಂಡಿ ಒತ್ತಿದರೆ ಅದು ಕಣ್ಣು ಬಿಡುವ ಹೊತ್ತಿಗೆ ಹಾಲು ತಂದ ಹೆಂಗಸರ ಸಾಲು ಬಸ್ ಸ್ಟಾಪ್ ಮುಟ್ಟುತ್ತಿತ್ತಂತೆ.

"ಹೆಂಡ್ರು ಮನೆಗೆ ತಡವಾಗಿ ಬತ್ತಾವ್ರೆ ಅಂತ ಗಂಡಸ್ರೆಲ್ಲ ನನ್ ಮ್ಯಾಲೆ ಬಿದ್ದವ್ರೆ ಕಣಣ್ಣ. ಇದು ಸರಿಯಾಗ್ನಿಲ್ಲ ಅಂದ್ರೆ ನನ್ನ ಕೆಲ್ಸದಿಂದ ತಗದ್ಬುಡ್ತಾರೆ."

ಬಿಚ್ಚಿ ನೋಡಿದೆ. ಇಷ್ಟು ವರ್ಷದ ಆಯುಧಪೂಜೆಯ ಕುಂಕುಮವೆಲ್ಲ ಫ್ಯಾನಿನೊಳಗೆ ಸೇರಿತ್ತು. ಪೂಜೆಯಿಂದಲೂ ಅದು ನಿಧಾನವಾಗಿರಬಹುದು ಎಂದೆ.

"ಪೂಜೆ ಮಾಡಿಯೇ ಇಂಗೆ ಕಣಣ್ಣ. ಮಾಡ್ದಿದ್ರೆ ಎಂಗಿರ್ತಿತ್ತೋ!"

೨. ತೂಕ

ರ್‍ಯಾಮ್ ಹೆಚ್ಚಿಸಿ, ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕುವುದೆಂದು ತೀರ್ಮಾನವಾಯಿತು. ಡೈರಿಯ ಅಧ್ಯಕ್ಷರು ಖುದ್ದು ಪರಿಶೀಲನೆಗೆ ಬಂದರು. ಒಂದು ಅಂಗೈಯಲ್ಲಿ ಹಳೆಯದು, ಇನ್ನೊಂದರಲ್ಲಿ ಹೊಸದು ಇಟ್ಟುಕೊಂಡು ತೂಗಿದರು.

"ಏನ್ಲಾ ಇದು, ಬಿಸ್ಕತ್ತಿದ್ದಂಗದೆ? ಹಳೇದು ನೋಡು, ಎಂಗೆ ಭಾರ! ಇವ್ರು ನಿಂಗೆ ಟೋಪಿ ಹಾಕ್ತಾವ್ರೆ."

ನಾನು ವಿವರಿಸುವ ಮೊದಲೇ ಸೆಕ್ರೆಟರಿ ಹೇಳಿದರು: "ಹಾಲಿಗೆ ನೀರು ಹಾಕಿದ್ರೂ ತೂಕ ಬತ್ತದೆ ಗೌಡ್ರೇ. ನೋಡ್ಬೇಕಾದ್ದು ಲ್ಯಾಕ್ಟೋಮೀಟರ್ ಡಿಗ್ರಿ."

ಅಧ್ಯಕ್ಷರು ತಟ್ಟನೆ ಹೊಸದನ್ನು ನನ್ನ ಕೈಗಿಟ್ಟರು. ಅವರ ಮನೆಯ ಹಾಲಿನ ಬಗ್ಗೆ ಊರಲ್ಲಿ ಮಾತಿದೆಯೆಂದು ಆಮೇಲೆ ತಿಳಿಯಿತು.

೩. ಸಾಲು

ಲ್ಯಾಪ್‌ಟಾಪು ಈಗ ಗುಂಡಿ ಒತ್ತಿದ ಕೂಡಲೇ ಎದ್ದು ಕೂರುತ್ತಿತ್ತು. ಗಂಡಸರಿಗೆ ಸಮಾಧಾನವಾಯಿತು. ವಾರ ಕಳೆಯುವುದರೊಳಗೆ ಸೆಕ್ರೆಟರಿ ಮತ್ತೆ ಬಂದರು. ಮುಖ ಮೊದಲಿಗಿಂತ ಸಣ್ಣದಾಗಿತ್ತು.

"ಅಣ್ಣ, ಆ ಹಳೇದು ಐತಾ?"

"ಯಾಕೆ, ಹೊಸದು ಕೆಟ್ಟಿತೇ?"

"ಕೆಡ್ಲಿಲ್ಲ, ಅದೇ ಕಷ್ಟ. ಹೆಂಗಸ್ರು ರೇಗ್ಬುಟ್ಟವ್ರೆ. 'ಸಾಲಲ್ಲಿ ನಿಂತ್ಕಂಡು ನಾಕ್ ಮಾತಾಡ್ತಿದ್ದೋ. ಈಗ ಕ್ಯಾನು ಇಳಿಸೋದ್ರೊಳಗೆ ಚೀಟಿ ಕೊಟ್ಟು ಓಡಿಸ್ತೀಯ. ಇಂಗೇ ಆದ್ರೆ ಹಾಲ್ನ ಪ್ರೈವೇಟ್ ವ್ಯಾನಿಗೆ ಹಾಕ್ತೀವಿ' ಅಂತಾವ್ರೆ. ಹಾಲೇ ಬರ್ದಿದ್ರೆ ಡೈರಿ ಎಲ್ಲೈತೆ, ನನ್ ಕೆಲ್ಸ ಎಲ್ಲೈತೆ?"

ಲ್ಯಾಪ್‌ಟಾಪನ್ನು ನಿಧಾನ ಮಾಡುವ ಬಿಡಿಭಾಗವನ್ನು ಇನ್ನೂ ಯಾರೂ ಮಾರುತ್ತಿಲ್ಲ. "ಗುಂಡಿ ಒತ್ತುವುದು ನಿಮ್ಮ ಕೈಯಲ್ಲೇ ಇದೆಯಲ್ಲ" ಎಂದಷ್ಟೇ ಹೇಳಿ ಕಳಿಸಿದೆ.

ಸ್ವಲ್ಪ ದಿನ ಬಿಟ್ಟು ಒಂದು ಸಂಜೆ ಆ ದಾರಿಯಲ್ಲಿ ಹೋದೆ. ಸಾಲು ಮತ್ತೆ ಬಸ್ ಸ್ಟಾಪ್ ಮುಟ್ಟಿತ್ತು. ನಗು ರಸ್ತೆಯ ತನಕ ಕೇಳುತ್ತಿತ್ತು. ಒಳಗೆ, ಮುಚ್ಚಿದ ಲ್ಯಾಪ್‌ಟಾಪಿನ ಮುಂದೆ, ಸೆಕ್ರೆಟರಿ ಗಂಭೀರವಾಗಿ ಕೂತಿದ್ದರು.

ಬೈಕಿನಲ್ಲಿ ಬಂದ ಒಬ್ಬ ಗಂಡಸು ಬಾಗಿಲಲ್ಲೇ ನಿಂತು ಕೂಗಿದ: "ಇನ್ನೂ ಎಷ್ಟೊತ್ಲಾ?"

ಸೆಕ್ರೆಟರಿ ಬಾಯಿ ತೆರೆಯುವ ಮೊದಲೇ ಆತನ ಹೆಂಡತಿ ಸಾಲಿನಿಂದ ಉತ್ತರ ಕೊಟ್ಟಳು:

"ಅಪ್‌ಡೇಟ್ ಆಯ್ತಾ ಐತೆ. ನೀವು ಮನೆಗೋಗಿ ಮುದ್ದೆಗೆ ಎಸರಿಡಿ!"