ಹದಿಮೂರನೇ ತಲೆಮಾರಿಗೆ ಕೌದಿಯ ಗದ್ದುಗೆ

ಆ ದಿನ ಗೆಲ್ಲುವುದು ನಾನೇ ಎಂಬ ಬಗ್ಗೆ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಉಳಿದೆಲ್ಲದರ ಬಗ್ಗೆ ಸಂಶಯಪಡುವುದು ನನ್ನ ಹುಟ್ಟುಗುಣ. ಧಾರವಾಡದ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಗಳನ್ನು ಸೋಲಿಸಿ ತಂದ ಸ್ಟೀಲಿನ ಕಪ್ಪುಗಳಲ್ಲಿ ಅವ್ವ ಈಗ ಜೀರಿಗೆ, ಸಾಸಿವೆ ತುಂಬಿಡುತ್ತಾಳೆ.

ಮೊರಬದ ಬಸ್‌ಸ್ಟ್ಯಾಂಡಿನ ಬಾಜೂಕೆ ನಮ್ಮ ಬಸಣ್ಣ ಕಾಕಾನ ಝೆರಾಕ್ಸ್ ಅಂಗಡಿ. ಅಲ್ಲಿಯ ಕಂಪ್ಯೂಟರಿಗೆ ಹತ್ತು ವರ್ಷ ಮೀರಿದೆ. ಪ್ರೊಸೆಸರು ಐ-ಸೆವೆನ್, ನಾಲ್ಕನೇ ತಲೆಮಾರು. ಒಂದು ಬದಿಯ ತಗಡು ತೆಗೆದಿಟ್ಟಿರುವುದರಿಂದ ಹೊಟ್ಟೆಯೊಳಗಿನದೆಲ್ಲ ಕಾಣುತ್ತದೆ. ಟೇಬಲ್ ಫ್ಯಾನು ಗಿರಾಕಿಗಳಿಗೆ ಬೆನ್ನು ಹಾಕಿ ಅದಕ್ಕೇ ಗಾಳಿ ಬೀಸುತ್ತದೆ. ಅಮಾವಾಸ್ಯೆಗೆ ಊರವರು ಟ್ರ್ಯಾಕ್ಟರ್ ತೊಳೆದು ಪೂಜೆ ಮಾಡಿದರೆ, ಕಾಕಾ ಇದನ್ನು ಎದುರಿನ ಪಂಕ್ಚರ್ ಅಂಗಡಿಗೆ ಹೊತ್ತೊಯ್ದು, ಗಾಳಿ ಹೊಡೆಸಿ ದೂಳು ತೆಗೆಸಿ, ಆಮೇಲೆ ವಿಭೂತಿ ಹಚ್ಚುತ್ತಾರೆ.

ನಾನು ತಂದದ್ದು ಹೊಸ ಲ್ಯಾಪ್‌ಟಾಪು. ಐ-ತ್ರೀ, ಹದಿಮೂರನೇ ತಲೆಮಾರು.

"ಮೂರು ದೊಡ್ಡದೋ, ಏಳು ದೊಡ್ಡದೋ?" ಎಂದರು ಕಾಕಾ.

"ನಂಬರ್ ನೋಡಬ್ಯಾಡ್ರಿ ಕಾಕಾ, ತಲಿಮಾರು ನೋಡ್ರಿ. ಹಳೇ ಏಳನ್ನ ಹೊಸಾ ಮೂರು ಹಿಂದ ಹಾಕತೈತಿ."

"ಹೌದಾ? ನಮ್ಮಜ್ಜ ಎರಡು ಚೀಲ ಕಡ್ಲಿ ಒಮ್ಮೆಗೇ ಹೊರತಿದ್ದ. ಅವನಿಂದ ಹಿಡದ್ರ ನೀ ನಾಕನೇ ತಲಿಮಾರು. ಒಂದ ಚೀಲ ಎತ್ತು, ನೋಡೂಣು."

ಅಂಗಡಿಯ ಬೆಂಚಿನ ಮೇಲೆ ಕೂತವರು ನಕ್ಕರು. ಉದಾಹರಣೆಯು ವಿಷಯಕ್ಕೆ ಅಸಂಬದ್ಧವಾಗಿದೆ ಎಂದು ನಾನು ಆಕ್ಷೇಪಣೆ ಎತ್ತಿದೆ. ಚೀಲ ಎತ್ತಲಿಲ್ಲ.

ಮರುದಿನಕ್ಕೆ ಪಂದ್ಯ ನಿಗದಿಯಾಯಿತು. ಶಾಲೆಯ ಗ್ಯಾದರಿಂಗಿನ, ಅಂದರೆ ವಾರ್ಷಿಕೋತ್ಸವದ, ಎರಡು ತಾಸಿನ ವಿಡಿಯೋ ಕಾಕಾನ ಬಳಿ ಇತ್ತು. ಅದನ್ನು ಫೋನಿನಲ್ಲಿ ಕಳಿಸುವಷ್ಟು ಸಣ್ಣದು ಮಾಡಬೇಕು. ಯಾರ ಯಂತ್ರ ಮೊದಲು ಮುಗಿಸುತ್ತದೋ ಅವರು ಗೆದ್ದಂತೆ.

"ನಾ ಸೋತ್ರ ಈ ಡಬ್ಬಿ ಗುಜರಿಗೆ ಹಾಕತೇನಿ. ನೀ ಸೋತ್ರ?"

"ಒಂದ ತಿಂಗಳು ನಿಮ್ಮ ಅಂಗಡ್ಯಾಗ ವಾದಾ ಮಾಡೂದಿಲ್ಲ."

"ಅಂಗಡ್ಯಾಗ ಅಷ್ಟ ಯಾಕ? ಇಡೀ ಊರಾಗ."

ನಾನು ಒಪ್ಪುವ ಮೊದಲೇ ಬೆಂಚಿನವರೆಲ್ಲ ಒಪ್ಪಿಬಿಟ್ಟರು. ಈ ಊರಲ್ಲಿ ಯಾವ ವಿಷಯಕ್ಕೂ ಇಷ್ಟು ಬೇಗ ಒಮ್ಮತ ಮೂಡಿದ್ದನ್ನು ನಾನು ಕಂಡಿರಲಿಲ್ಲ.

ಮರುದಿನ ಅಮಾವಾಸ್ಯೆ. ಸ್ನಾನ ಮಾಡಿ ಬರುವಷ್ಟರಲ್ಲಿ ಅವ್ವ ಹಳೇ ಸೀರೆಗಳಿಂದ ಹೊಲಿದ ದಪ್ಪ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಗದ್ದುಗೆ ಹಾಕಿ, ಅದರ ಮೇಲೆ ಲ್ಯಾಪ್‌ಟಾಪ್ ಕೂರಿಸಿ, ವಿಭೂತಿ ಎಳೆದು, ಹಿಂಬದಿಗೆ ದಪ್ಪನೆಯ ಚೆಂಡು ಹೂವಿನ ಮಾಲೆ ಸುತ್ತಿದ್ದಳು.

"ಅವ್ವಾ, ಹೂವಿಗೂ ಪ್ರೊಸೆಸರಿಗೂ ಏನ್ ಸಂಬಂಧ?"

"ಆತವಾ, ಪೂಜಿ ಮುಗೀತು. ಎಲ್ಲಾ ತಗದು ಒಯ್ಯಿ."

ಬುದ್ಧಿಯಿದ್ದವರು ತೆಗೆದು ಒಯ್ಯುತ್ತಿದ್ದರು. ಆದರೆ ವಾದವನ್ನು ಅರ್ಧಕ್ಕೆ ಬಿಡುವುದು ನನ್ನ ತರಬೇತಿಗೆ ವಿರುದ್ಧ.

"ಬ್ಯಾಡ, ಇರಲಿ. ಪೂಜಿಯಿಂದ ಯಂತ್ರಕ್ಕ ಒಳ್ಳೇದೂ ಆಗೂದಿಲ್ಲ, ಕೆಟ್ಟದ್ದೂ ಆಗೂದಿಲ್ಲ ಅಂತ ಊರ ಮುಂದ ತೋರಸ್ತೇನಿ."

"ತಗದು ಒಯ್ಯಿ ಅಂದ್ರೂ ವಾದಾ. ನಿನ್ನ ಕಟಕೊಳ್ಳಾಂವ ಎಲ್ಲಿ ಅದಾನೋ, ಪಾಪ," ಎಂದಳು ಅವ್ವ.

ಗದ್ದುಗೆ ಸಮೇತ ಮೆರವಣಿಗೆ ಅಂಗಡಿಗೆ ಹೋಯಿತು. ಇಬ್ಬರೂ ಒಟ್ಟಿಗೆ ಗುಂಡಿ ಒತ್ತಿದೆವು. ಐದು ನಿಮಿಷಕ್ಕೆ ನನ್ನದು ನೂರರಲ್ಲಿ ಮೂವತ್ತು ದಾಟಿತ್ತು, ಕಾಕಾನದು ಹನ್ನೆರಡು. ನಾನು ಬೆಂಚಿನ ಕಡೆ ತಿರುಗಿ, ಮಾನ್ಯ ಸಭಿಕರಿಗೆ ಹೊಸ ತಲೆಮಾರಿನ ಶ್ರೇಷ್ಠತೆಯನ್ನು ಮೂರು ಅಂಶಗಳಲ್ಲಿ ವಿವರಿಸತೊಡಗಿದೆ.

ಎರಡನೇ ಅಂಶದ ಹೊತ್ತಿಗೆ ಬೆನ್ನ ಹಿಂದೆ ಹಿಟ್ಟಿನ ಗಿರಣಿ ಶುರುವಾದಂತೆ ಸದ್ದು ಬಂತು. ನನ್ನ ಲ್ಯಾಪ್‌ಟಾಪಿನ ಫ್ಯಾನು. ಪರದೆಯ ಮೇಲೆ ಓಡುತ್ತಿದ್ದ ಗೆರೆ ಮೂವತ್ತಾರರಲ್ಲಿ ನಿಂತು ಯೋಚನೆ ಮಾಡುತ್ತಿತ್ತು. ಬೆಂದ ಚೆಂಡು ಹೂವಿನ ವಾಸನೆ ಅಂಗಡಿ ತುಂಬ ಹಬ್ಬಿತು. ಅತ್ತ ಕಾಕಾನ ಮುದಿ ಎತ್ತು ಫ್ಯಾನಿನ ಗಾಳಿ ಕುಡಿಯುತ್ತ, ಒಂದೇ ನಡಿಗೆಯಲ್ಲಿ ಮೂವತ್ತೇಳಕ್ಕೆ ಬಂದಿತ್ತು.

ಬೆಂಚಿನ ತುದಿಯ ಫಕೀರಜ್ಜ ಎದ್ದು ಬಂದು ಲ್ಯಾಪ್‌ಟಾಪಿನ ಹಣೆ ಮುಟ್ಟಿ ನೋಡಿದ. "ಏ ತಂಗಿ, ಇದಕ್ಕ ಜ್ವರಾ ಬಂದೈತಿ. ಕೌದಿ ತಗಿಯವಾ, ಜೀವಾ ಹೋಗತೈತಿ."

ಆಗ ಹೊಳೆಯಿತು. ಗಾಳಿ ಒಳಗೆ ಹೋಗುವ ತೂತುಗಳು ಕೆಳಗೆ, ಕೌದಿಯ ಮೇಲೆ. ಬಿಸಿ ಹೊರಗೆ ಬರುವ ತೂತುಗಳು ಹಿಂದೆ, ಮಾಲೆಯ ಕೆಳಗೆ. ಮೈ ಸುಡುತ್ತಿದ್ದರೆ ಯಾವ ತಲೆಮಾರಿನ ಪ್ರೊಸೆಸರಾದರೂ ಜೀವ ಉಳಿಸಿಕೊಳ್ಳಲು ನಿಧಾನವಾಗುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿದ್ದ ಸಂಗತಿ. ಈ ಬಗ್ಗೆ ಕಾಕಾನಿಗೆ ಒಮ್ಮೆ ಅರ್ಧ ತಾಸು ಉಪನ್ಯಾಸ ಕೊಟ್ಟಿದ್ದೆ ಕೂಡ.

ಮಾಲೆ ತೆಗೆದರೆ ಹೂವಿಗೂ ಪ್ರೊಸೆಸರಿಗೂ ಸಂಬಂಧವಿದೆ ಎಂದು ಊರ ಮುಂದೆ ಒಪ್ಪಿದಂತೆ. ತೆಗೆಯದಿದ್ದರೆ ಸೋಲು. ನಾನು ತತ್ವಕ್ಕೆ ಅಂಟಿಕೊಂಡೆ.

ಸೋತೆ.

ಕಾಕಾ ಏನೂ ಅಣಕಿಸಲಿಲ್ಲ. ನನ್ನ ಲ್ಯಾಪ್‌ಟಾಪಿನ ಬಾಡಿದ ಮಾಲೆಯನ್ನು ಬಿಚ್ಚಿ ತಮ್ಮ ಮಾನಿಟರಿನ ಮೂಲೆಗೆ ಜಾಗ ನೋಡಿ ತೂಗುಹಾಕಿದರು. "ಪೂಜಿ ನಾನೂ ಮಾಡತೇನವಾ. ಆದ್ರ ಮೊದಲ ಗಾಳಿ, ಆಮ್ಯಾಲ ವಿಭೂತಿ."

ಮನೆಗೆ ಬಂದು ಬಾಗಿಲು ಹಾಕಿಕೊಂಡು, ಬರೀ ಕಟ್ಟಿಗೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಅದೇ ವಿಡಿಯೋ ಹಚ್ಚಿದೆ. ಅವ್ವ ಎಂಟು ರೊಟ್ಟಿ ಬಡಿಯುವಷ್ಟರಲ್ಲಿ ಮುಗಿಯಿತು. ಕಾಕಾನ ಯಂತ್ರ ತೆಗೆದುಕೊಂಡಿದ್ದ ಹೊತ್ತಿನ ಅರ್ಧಕ್ಕಿಂತ ಕಡಿಮೆ! ಅಂದರೆ ನನ್ನ ವಾದವೇ ಸರಿ. ಅಡುಗೆಮನೆಗೆ ಓಡಿ ಬಾಯಿ ತೆರೆದೆ.

"ತಿಂಗಳು ಇವತ್ತಿಂದ ಸುರು ಆಗೇತಿ," ಎಂದಳು ಅವ್ವ, ರೊಟ್ಟಿ ತಿರುವಿ ಹಾಕುತ್ತ.

ಮೂರು ದಿನವಾಯಿತು. ನಾನು ಬೆಂಚಿನ ಮೇಲೆ ಕೂತಿರುತ್ತೇನೆ. ಬಂದವರಿಗೆಲ್ಲ ಕಾಕಾ ಹಳೇ ಏಳು ಹೊಸಾ ಮೂರನ್ನು ಸೋಲಿಸಿದ ಕಥೆ ಹೇಳುತ್ತಾರೆ. ಸರಿಯಾದ ಫಲಿತಾಂಶ ನನ್ನ ಬಾಯೊಳಗೇ ಇದೆ. ನಿನ್ನೆ ಫಕೀರಜ್ಜ ನನ್ನನ್ನೇ ನೋಡುತ್ತ ಕಾಕಾನಿಗೆ ಹೇಳಿದ:

"ಬಸಣ್ಣ, ನಿಮ್ಮ ಹುಡುಗಿ ಈಗ ಭಾಳ ಶಾಣ್ಯಾಕಿ ಆಗ್ಯಾಳ ಬಿಡು."

ನಾನು ಈಗ ಜಾಣೆಯಾಗಿದ್ದೇನೆ ಎಂಬುದು ತಪ್ಪೆಂದು ಸಾಧಿಸಲು ನನ್ನ ಬಳಿ ಮೂರು ಅಂಶಗಳಿದ್ದವು. ಹೌದೆಂದು ತಲೆಯಾಡಿಸಿದೆ.