ಹಲಸೂರಿನ ಏರಿನಲ್ಲಿ ನಿಂತ ಸ್ಕೂಟರಿನ ಕುರಿತು ಘರ್ಷಣೆಯವರಿಗೆ

ಹೊಸ ತಿಪ್ಪಸಂದ್ರ
ಫೆಬ್ರವರಿ ೧೯೯೮

ಎರಡು ವಸ್ತುಗಳು ಎಲ್ಲಿ ಮೈ ತಾಗಿಸಿಕೊಂಡರೂ ಕರೆಯದೆಯೇ ಹಾಜರಾಗುವ ಮಾನ್ಯ ಘರ್ಷಣೆಯವರೇ,

ಪದವಿಪೂರ್ವ ಕಾಲೇಜೊಂದರ ಭೌತಶಾಸ್ತ್ರ ಅಧ್ಯಾಪಕನಾದ ಅಂಜನಮೂರ್ತಿಯ ಅನಂತ ವಂದನೆಗಳು. ಪೆನ್ನು ಬೆರಳಿನಿಂದ ಜಾರದಿರುವುದೂ ನಾನು ಕುರ್ಚಿಯಿಂದ ಜಾರದಿರುವುದೂ ತಮ್ಮ ಕೃಪೆಯೇ ಆದ್ದರಿಂದ, ತಮ್ಮ ಮೇಲೆ ದೂರು ಬರೆಯುವುದಕ್ಕೂ ತಮ್ಮದೇ ಸಹಾಯ ಬೇಕಾಗಿದೆ ಎಂದು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ.

ತಮಗೆ ನನ್ನ ಮೇಲೆ ಮುನಿಸಿರುವುದು ಸಹಜ. ಕರಿಹಲಗೆಯ ಮೇಲೆ ಯಾವ ಲೆಕ್ಕ ಬಿಡಿಸಿದರೂ ಮೊದಲ ಸಾಲಿನಲ್ಲೇ ‘ಘರ್ಷಣೆಯನ್ನು ಉಪೇಕ್ಷಿಸಿ’ ಎಂದು ಬರೆದು ತಮ್ಮನ್ನು ತರಗತಿಯಿಂದ ಹೊರಗಟ್ಟುವವನು ನಾನು. ತಾವಿಲ್ಲದ ಆ ಲೋಕದಲ್ಲಿ ಇಳಿಜಾರಿನಲ್ಲಿ ಬಿಟ್ಟ ಗೋಲಿ ಎದುರಿನ ಏರಿನಲ್ಲಿ ಅಷ್ಟೇ ಎತ್ತರಕ್ಕೆ ಹತ್ತುತ್ತದೆ. ಸ್ಥಿತಿಶಕ್ತಿ ಇಳಿಯುತ್ತಾ ಚಲನಶಕ್ತಿಯಾಗಿ, ಹತ್ತುತ್ತಾ ಮತ್ತೆ ಸ್ಥಿತಿಶಕ್ತಿಯಾಗಿ, ಎಲ್ಲೂ ಒಂದು ಚೂರೂ ಸೋರುವುದಿಲ್ಲ. ಮಕ್ಕಳು ಇದನ್ನು ಪರೀಕ್ಷೆ ಮುಗಿಯುವವರೆಗೆ ಮಾತ್ರ ನಂಬುತ್ತಾರೆ. ನಾನೊಬ್ಬ ಸ್ಕೂಟರ್ ಮೇಲೆ ಕುಳಿತಾಗಲೂ ನಂಬಿಬಿಟ್ಟೆ.

ಕಳೆದ ಸೋಮವಾರ ನನ್ನ ಮಗಳು ಹಂಸಳಿಗೆ ಶಿವಾಜಿನಗರದ ಕಾಲೇಜೊಂದರಲ್ಲಿ ದ್ವಿತೀಯ ಪಿಯುಸಿ ಭೌತಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಯಿತ್ತು. ಗಂಟೆ ಹೊಡೆದ ಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲ ಎಂದು ಮೊದಲೇ ತಿಳಿಸಿದ್ದರು. ಹಲಸೂರು ಕೆರೆಯ ಕಡೆಗಿನ ಇಳಿಜಾರು ಸಿಕ್ಕಿದೊಡನೆ, ಪೆಟ್ರೋಲ್ ತಳ ಕಂಡಿದ್ದುದರಿಂದಲೂ ಶಕ್ತಿಯ ಸಂರಕ್ಷಣಾ ನಿಯಮದಲ್ಲಿ ಅಪಾರ ಭಕ್ತಿ ಇದ್ದುದರಿಂದಲೂ, ನಾನು ಎಂಜಿನ್ ಆಫ್ ಮಾಡಿದೆ. “ಅಪ್ಪಾ, ಬೇಡಪ್ಪಾ, ಇವತ್ತೊಂದಿನ ಆನಲ್ಲಿರ್ಲಿ” ಎಂದು ಮಗಳು ಗೋಗರೆದಳು. ನಾನು ಇಳಿಜಾರಿನುದ್ದಕ್ಕೂ ಅವಳಿಗೆ ನಿಯಮ ವಿವರಿಸುತ್ತಾ ಹೋದೆ.

ಎದುರಿನ ಏರು ಅರ್ಧವೂ ಹತ್ತಿರಲಿಲ್ಲ, ಟೈರು, ಬೇರಿಂಗು, ಡಾಂಬರು ಎಲ್ಲೆಡೆ ತಾವು ಏಕಕಾಲಕ್ಕೆ ಪ್ರತ್ಯಕ್ಷರಾಗಿ ನನ್ನ ಚಲನಶಕ್ತಿಯನ್ನೆಲ್ಲ ಶಾಖವಾಗಿಸಿಬಿಟ್ಟಿರಿ. ಕಿಕ್ ಹೊಡೆದೆ. ಈ ಊರಿನ ಸ್ಕೂಟರ್ ಸವಾರರೆಲ್ಲ ಮಾಡುವಂತೆ ಗಾಡಿಯನ್ನು ಪಕ್ಕಕ್ಕೆ ಮಲಗಿಸಿ, ತಳದ ಹನಿ ಪೆಟ್ರೋಲನ್ನು ತಮ್ಮ ಬಂಧು ಗುರುತ್ವಾಕರ್ಷಣೆಯವರ ದಯೆಗೆ ಬಿಟ್ಟು, ಎತ್ತಿ ಮತ್ತೆ ಹೊಡೆದೆ. ಗಾಡಿ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಮಗಳ ಕಣ್ಣಲ್ಲಿ ನೀರು ತುಂಬಿತ್ತು.

ಅಷ್ಟರಲ್ಲಿ ಅದೇ ಪರೀಕ್ಷೆಗೆ ಹೊರಟಿದ್ದ ಅವಳ ಗೆಳತಿ ಫಹ್ಮಿದಾ ಆಟೋ ನಿಲ್ಲಿಸಿ, “ಹತ್ಕೋ ಹಂಸಾ, ಟೈಮಿಲ್ಲ. ಅಂಕಲ್, ನೀವು ನಿಧಾನಕ್ಕೆ ತಳ್ಕೊಂಡ್ ಬನ್ನಿ” ಎಂದು ಕರೆದುಕೊಂಡು ಹೋದಳು. ನಾನು ತಳ್ಳಿದೆ. ತಾವು ಒಂದಿಷ್ಟೂ ರಜೆ ತೆಗೆದುಕೊಳ್ಳದೆ, ಮೇಲಧಿಕಾರಿಗಳ ಭಯವಿಲ್ಲದೆ ದುಡಿಯುವುದನ್ನು ಆ ಏರಿನುದ್ದಕ್ಕೂ ಕಣ್ಣಾರೆ ಕಂಡೆ; ಇಂಥ ಕರ್ತವ್ಯನಿಷ್ಠೆ ಇನ್ನಾವ ಇಲಾಖೆಯಲ್ಲೂ ಕಂಡಿಲ್ಲ.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ: ಪರೀಕ್ಷೆಯ ದಿನಗಳಂದು ಹಲಸೂರಿನಲ್ಲಿ ನನ್ನ ಗಾಡಿಗಷ್ಟೇ ಅನ್ವಯಿಸುವಂತೆ ತಾವು ಗೈರುಹಾಜರಾಗಬೇಕು. ಬ್ರೇಕಿನಲ್ಲಿ ಮಾತ್ರ ಎಂದಿನಂತೆ ಇರಬೇಕು. ತಾಗದೆಯೇ ದೂರದಿಂದ ಕಬ್ಬಿಣವನ್ನು ಸೆಳೆಯುವ ಕಾಂತಕ್ಷೇತ್ರದವರಿಗೆ ಶಿಫಾರಸು ಮಾಡಿ, ಏರಿನ ತುದಿಯಲ್ಲಿ ನಿಂತು ನನ್ನ ಸ್ಕೂಟರನ್ನು ಎಳೆದುಕೊಳ್ಳುವ ವ್ಯವಸ್ಥೆಯನ್ನೂ ಮಾಡಿಸಿದರೆ ಚಿರಋಣಿ.

ಅಂದು ತಳ್ಳಿಕೊಂಡೇ ಹೋಗಿ ಆ ಕಾಲೇಜಿನ ಗೇಟಿನ ಹೊರಗೆ ಬೆವರು ಒರೆಸಿಕೊಳ್ಳುತ್ತಾ ಕಾದೆ. ಹೊರಗೆ ಬಂದ ಹಂಸ ನಗುತ್ತಿದ್ದಳು. ಮೌಖಿಕ ಪರೀಕ್ಷೆಯಲ್ಲಿ, ಘರ್ಷಣೆಯನ್ನು ಉಪೇಕ್ಷಿಸಬಾರದ ಸಂದರ್ಭ ಯಾವುದೆಂದು ಕೇಳಿದರಂತೆ. “ನಮ್ಮಪ್ಪ ಈಗ ಹಲಸೂರಲ್ಲಿ ಸ್ಕೂಟರ್ ತಳ್ತಾ ಇದಾರೆ ಸಾರ್” ಎಂದಳಂತೆ. ಪರೀಕ್ಷಕರು ನಕ್ಕು ಮುಂದಿನ ಪ್ರಶ್ನೆಯನ್ನೇ ಕೇಳಲಿಲ್ಲವಂತೆ. ಎರಡು ವರ್ಷ ಮನೆಯಲ್ಲಿ ಕೂರಿಸಿಕೊಂಡು ನಾನು ಹೇಳಿದ್ದ ಪಾಠದಲ್ಲಿ ಆ ಉತ್ತರವಿರಲಿಲ್ಲ.

ತಮ್ಮನ್ನು ಇನ್ನೆಂದೂ ಉಪೇಕ್ಷಿಸಲಾರದ, ಮೀನಖಂಡ ಇನ್ನೂ ನೋಯುತ್ತಿರುವ,

ತಮ್ಮ ವಿಶ್ವಾಸಿ,
ಅಂಜನಮೂರ್ತಿ

ಮರೆತ ಮಾತು: ಹಂಸ ಮುಂದೆಯೂ ಭೌತಶಾಸ್ತ್ರವನ್ನೇ ಓದುತ್ತಾಳಂತೆ. ಪಾಠ ಮಾತ್ರ ಇನ್ನು ನನ್ನ ಬಳಿ ಬೇಡವಂತೆ. ತಾವೇ ಚೆನ್ನಾಗಿ ಹೇಳಿಕೊಡುತ್ತೀರಂತೆ.